ಒಳಗೆ ಬಿಳಿ, ಮೇಲೆ ಹಸಿರು

ಬಸವನ ಬಾಗೇವಾಡಿಯಲ್ಲಿ ಸರ್ಕಾರದವರು ಗಾಜಿನ ಬಳೆ ಕಲಿಸುವ ವರ್ಗ ತೆರೆದ ವರ್ಷವೇ ನನ್ನ ಮೊದಲ ಮೊಮ್ಮಗು ಹೊಟ್ಟೆಯಲ್ಲಿತ್ತು. ಮಗಳ ಹೊಟ್ಟೆಯಲ್ಲಿ ಎಂದು ಬಿಡಿಸಿ ಹೇಳಬೇಕು. ಯಾಕೆಂದರೆ ಆಗಿನ ನನ್ನ ನಡಿಗೆ, ನನ್ನ ನಗು, ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳುವ ರೀತಿ ನೋಡಿದವರು ಬಸುರಿ ನಾನೇ ಎಂದುಕೊಂಡಿದ್ದರೂ ತಪ್ಪಿರಲಿಲ್ಲ. ಮಗಳು ಮದುವೆಯಾಗಿ ಸಿಂದಗಿಗೆ ಹೋಗಿ ಆರು ವರ್ಷ ಕಳೆದಿತ್ತು. ಆರು ವರ್ಷ ನಾನು ಮತ್ತು ನನ್ನ ಹೆಂಡತಿ ಮೊಮ್ಮಕ್ಕಳ ಮಾತನ್ನು ಒಬ್ಬರಿಗೊಬ್ಬರು ಆಡಿರಲಿಲ್ಲ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಬ್ಲಾಕ್ ಆಫೀಸಿನ ಸಾಹೇಬರೊಬ್ಬರು ಮುದ್ದೇಬಿಹಾಳದಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ನಮ್ಮ ತಂದೆಯ ಕಾಲದಲ್ಲಿ ಅಲ್ಲಿ ಉರಿಯುತ್ತಿದ್ದ ಗಾಜಿನ ಭಟ್ಟಿಗಳಲ್ಲಿ ಉಳಿದದ್ದು ನಮ್ಮದೊಂದೇ. ಉತ್ತರದ ಕಡೆಯಿಂದ ಬೆಸುಗೆ ಹಾಕಿದ ಬಳೆಗಳು ಪೆಟ್ಟಿಗೆಗಟ್ಟಲೆ ಬರಲು ಹತ್ತಿದ ಮೇಲೆ ಉಳಿದವರು ಭಟ್ಟಿ ಕೆಡವಿ ಆ ಜಾಗದಲ್ಲಿ ದನ ಕಟ್ಟಿದ್ದರು.

"ಈ ಕಸಬು ನಿಮ್ಮ ಸಂಗಾಟ ಮಣ್ಣಿಗೆ ಹೋಗಬಾರದ್ರಿ. ಆರು ತಿಂಗಳು ಕಲಸ್ರಿ. ಮಾಲು ಚಲೋ ಬಂತಂದ್ರ ವರ್ಗ ಕಾಯಂ. ಇಲ್ಲಂದ್ರ ಮುಚ್ಚತಾರ" ಎಂದರು ಸಾಹೇಬರು.

"ಮೂರನೇ ಇಯತ್ತೆ ಕಲ್ತಾಂವ ನಾ. ನನಗ ಮಾಸ್ತರ ಅಂತಾರೇನ್ರಿ ಯಾರರ?"

"ಮಾಸ್ತರ ಬ್ಯಾಡ್ರಿ. ಉಸ್ತಾದ ಅನ್ನಲಿ."

ಆ ಒಂದು ಮಾತಿಗೆ ನಾನು ಬಿದ್ದೆ. ಹೆಂಡತಿಯನ್ನು ಕರೆದುಕೊಂಡು ಬಾಗೇವಾಡಿಗೆ ಬಂದು, ಸಂತೆಯ ಬಯಲಿನ ಹಿಂದೆ ಕೊಟ್ಟ ಛಪ್ಪರದಲ್ಲಿ ಭಟ್ಟಿ ಕಟ್ಟಲು ಶುರು ಮಾಡಿದೆ.

ಕಲಿಯಲು ಬಂದವರು ಐದು ಜನ. ಇಬ್ಬರು ಕುಂಬಾರ ಅಣ್ಣತಮ್ಮಂದಿರು, ಇಬ್ಬರು ಬಳೆ ಮಾರುವ ಮನೆತನದವರು, ಐದನೆಯವಳು ನೇಕಾರರ ಮನೆಯ ಹೆಣ್ಣುಮಗಳು. ಮೂವತ್ತು ದಾಟಿರಲಿಲ್ಲ, ಗಂಡ ತೀರಿಕೊಂಡಿದ್ದ. ನಾವೆಲ್ಲ ನೇಕಾರಕ್ಕ ಎನ್ನುತ್ತಿದ್ದೆವು. ಬರಿಗೈಯವಳು ಬಳೆಯ ಭಟ್ಟಿಗೆ ಬರುವುದೇ ಎಂದು ಊರಲ್ಲಿ ಗುಸುಗುಸು ನಡೆಯಿತು. ನನಗೂ ಮೊದಲಿಗೆ ಮನಸ್ಸು ಹಿಂದೇಟು ಹಾಕಿತು, ಸುಳ್ಳು ಯಾಕೆ ಹೇಳಲಿ. ಆದರೆ ಪಟ್ಟಿಯಲ್ಲಿ ಸಾಹೇಬರು ಆಕೆಯ ಹೆಸರು ಬರೆದಾಗಿತ್ತು.

ಭಟ್ಟಿ ಕಟ್ಟಲು ಮೂರು ವಾರ ಹಿಡಿಯಿತು. ಹುತ್ತದ ಮಣ್ಣು, ಹೊಟ್ಟು, ಆಡಿನ ಕೂದಲು ಕಲಸಿ, ಕಾಲಿನಿಂದ ತುಳಿದು, ಆಳೆತ್ತರದ ಗುಮ್ಮಟ ಎತ್ತಿದೆವು. ನಡುವೆ ಬೆಂಕಿ. ಸುತ್ತ ನಾಲ್ಕು ಕಿಂಡಿ. ಒಂದೊಂದು ಕಿಂಡಿಯ ಒಳಗೆ ಗಾಜು ಕರಗುವ ಒಂದೊಂದು ಮಣ್ಣಿನ ಮೂಸೆ. ಮೂಸೆಗಳನ್ನು ಕುಂಬಾರರು ಮಾಡಿದರು, ನಾನು ಮೂರು ಸಲ ಒಡೆದು ಮತ್ತೆ ಮಾಡಿಸಿದೆ. ನಾಲ್ಕನೆಯ ಸಲ ದೊಡ್ಡ ಕುಂಬಾರ, "ಉಸ್ತಾದ್ರ, ನೀವು ಗಾಜು ಕಲಸಾಕ ಬಂದೀರೋ, ಗಡಿಗಿ ಒಡಿಯೂದು ಕಲಸಾಕ ಬಂದೀರೋ?" ಎಂದ. ಎಲ್ಲರೂ ನಕ್ಕರು. ಆ ಸಲ ಮೂಸೆ ನಿಂತಿತು.

ನಮ್ಮ ಬಳೆಗೆ ಬೆಸುಗೆ ಇಲ್ಲ. ಕರಗಿದ ಗಾಜನ್ನು ಕಬ್ಬಿಣದ ಸಲಾಕಿಯ ತುದಿಗೆ ಲಿಂಬೆ ಗಾತ್ರ ಹಿಡಿಯಬೇಕು. ಕಲ್ಲಿನ ಮೇಲೆ ಒಂದು ಸುತ್ತು ಉರುಳಿಸಿ ಇನ್ನೊಂದು ಚೂಪು ಸಲಾಕಿಯಿಂದ ನಟ್ಟನಡುವೆ ಚುಚ್ಚಬೇಕು. ಚುಚ್ಚಿದ್ದನ್ನು ಬೆಂಕಿಗೆ ಹಿಡಿದು ತಿರುಗಿಸಿದರೆ ತೂತು ಉಂಗುರವಾಗುತ್ತದೆ. ಉಂಗುರವನ್ನು ಮೇಲೆ ಸಣ್ಣ, ಕೆಳಗೆ ದಪ್ಪ ಇರುವ ಮಣ್ಣಿನ ಅಚ್ಚಿಗೆ ದಾಟಿಸಿ, ಅಚ್ಚನ್ನೇ ಬೆಂಕಿಯ ಮೇಲೆ ಗರಗರ ತಿರುಗಿಸುತ್ತ ಬಂದರೆ ಅದು ತಾನಾಗಿ ಅಗಲವಾಗಿ ಕೆಳಗಿಳಿದು ಕೈಯ ಅಳತೆಗೆ ನಿಲ್ಲುತ್ತದೆ. ನೂರು ಎಣಿಸುವಷ್ಟರಲ್ಲಿ ಇದೆಲ್ಲ ಆಗಬೇಕು. ತಡವಾದರೆ ಗಾಜು ಬಿಗಿಯುತ್ತದೆ, ಅವಸರ ಮಾಡಿದರೆ ಜೋಲುತ್ತದೆ. ಆಮೇಲೆ ಬಿಸಿ ಬೂದಿಯ ಗುಂಡಿಯಲ್ಲಿ ಹೂತು ಒಂದು ದಿನ ನಿಧಾನ ಆರಿಸಬೇಕು.

ಒಂದೂವರೆ ತಿಂಗಳು ಎಲ್ಲರ ಕೈಯಲ್ಲೂ ಮೊಟ್ಟೆ, ಎಂಟು, ಬಾವಲಿಯ ಕಿವಿ, ಏನೇನೋ ಆಕಾರ ಬಂದವು. ಮೊದಲ ದುಂಡು ಬಳೆ ಇಳಿಸಿದವಳು ನೇಕಾರಕ್ಕ. ಮಗ್ಗದ ಎಳೆ ನೋಡಿದ ಕಣ್ಣು ಆಕೆಯದು, ಸಲಾಕಿ ಅರೆಕ್ಷಣವೂ ನಿಲ್ಲುತ್ತಿರಲಿಲ್ಲ. ನಾನು ಖುಷಿಯಲ್ಲಿ ಆ ಬಳೆಯನ್ನು ಆಕೆಯ ಕೈಗೆ ಚಾಚಿದೆ, ಬೂದಿಯಿಂದ ತೆಗೆದು ಇನ್ನೂ ಬೆಚ್ಚಗಿದ್ದದ್ದನ್ನು ನೋಡಲಿ ಎಂದು. ಆಕೆ ಕೈ ಹಿಂದೆ ಎಳೆದುಕೊಂಡು, "ಅಲ್ಲೇ ಇಡ್ರಿ" ಎಂದಳು. ನನಗೆ ಆಮೇಲೆ ಹೊಳೆಯಿತು. ಇಡೀ ದಿನ ಮನಸ್ಸಿಗೆ ಕಸಿವಿಸಿಯಾಯಿತು.

ಇನ್ನು ತಪ್ಪಿನ ಮಾತು. ನಮ್ಮಲ್ಲಿ ಹೊಸ ಗಾಜು ಮಾಡುವುದಿಲ್ಲ, ಹಳೆಯ ಬಳೆಚೂರನ್ನೇ ಕರಗಿಸುತ್ತೇವೆ. ಹಸಿರಿಗೆ ತಾಮ್ರದ ಕಿಟ್ಟ ಅರೆದು ಹಾಕುತ್ತೇವೆ. ಆ ವರ್ಷ ಬಳೆಚೂರು ಸಾಲಲಿಲ್ಲ. ಆಫೀಸಿನವರು ಚೀಲಗಟ್ಟಲೆ ಒಡೆದ ಕಂದೀಲಿನ ಗಾಜು ಕಳಿಸಿದರು, ಬೆಳ್ಳಗೆ, ತೊಳೆದಂತಿತ್ತು. ನಾನು ಒಂದು ಹಿಕಮತ್ತು ಮಾಡಿದೆ. ಒಳಗಿನ ಮೈ ಕಂದೀಲಿನ ಬಿಳಿ ಗಾಜಿನದು, ಅದರ ಮೇಲೆ ಬಳೆಚೂರಿನ ಹಸಿರು ಗಾಜಿನ ತೆಳ್ಳಗಿನ ಹೊದಿಕೆ. ಬೆಳಕಿಗೆ ಹಿಡಿದರೆ ಬಳೆಯೊಳಗೆ ನೀರು ನಿಂತಂತೆ ಕಾಣುತ್ತಿತ್ತು. ನಮ್ಮ ತಂದೆಯೂ ಹೊದಿಕೆ ಹಾಕುತ್ತಿದ್ದ. ಆದರೆ ಒಳಗೂ ಹೊರಗೂ ಒಂದೇ ಚೀಲದ ಗಾಜು ಇರುತ್ತಿತ್ತು. ಅದು ನನಗೆ ಗೊತ್ತಿತ್ತು, ಯಾಕೆ ಹಾಗೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಐದೂ ಜನರಿಗೆ ಈ ಕೆಲಸ ಕಲಿಸಿದೆ. ಹೆಮ್ಮೆಯಿಂದ ಕಲಿಸಿದೆ. ಹೆಂಡತಿ ಬಳೆಯ ಮಲಾರ ಹೆಗಲಿಗೇರಿಸಿ ಬಾಗೇವಾಡಿಯ ಓಣಿಗಳಲ್ಲಿ ತೊಡಿಸಿ ಬಂದಳು. ಬಸ್ಸು ಹಿಡಿದು ಇಂಡಿ ಪಟ್ಟಣದ ಸಂತೆಗೂ ಒಮ್ಮೆ ಹೋಗಿ ಬಂದಳು. ಮಗಳು ಏಳನೇ ತಿಂಗಳಿಗೆ ಸಿಂದಗಿಯಿಂದ ನಮ್ಮಲ್ಲಿಗೆ ಬಂದಳು. ಏಳನೇ ತಿಂಗಳಲ್ಲಿ ಕುಬಸ ಎಂದು ಹಸಿರು ಬಳೆ ತೊಡಿಸುವುದು ಲಿಂಗಾಯತರ ಮನೆಯಲ್ಲಿಯೂ ಉಂಟು, ನಮ್ಮ ಮುಸಲ್ಮಾನರಲ್ಲಿಯೂ ಉಂಟು. ನಾನೇ ಕೂತು ಇಳಿಸಿದ ಬಳೆ, ಕೈಗೆ ಹನ್ನೊಂದರಂತೆ. ತೊಡಿಸುವಾಗ ಓಣಿಯ ಹೆಂಗಸರೆಲ್ಲ ಬಂದಿದ್ದರು. ನಾನು ಬಾಗಿಲ ಹೊರಗೆ ನಿಂತು ಬಳೆಯ ಸದ್ದು ಕೇಳಿಯೇ ಕಣ್ಣೊರೆಸಿಕೊಂಡೆ.

ನಾಲ್ಕನೆಯ ದಿನ ಊಟಕ್ಕೆ ಕೂತಾಗ ಮಗಳು ಸೆರಗನ್ನು ಮುಂಗೈವರೆಗೆ ಎಳೆದುಕೊಂಡು ಬಡಿಸಿದಳು. ಸೆರಗು ಜಾರಿದಾಗ ಎಣಿಸಿದೆ. ಬಲಗೈಯಲ್ಲಿ ಏಳೇ ಇದ್ದವು.

ಹೆಂಡತಿಯ ಮುಖ ನೋಡಿದೆ. ಅವಳು ತಾಟಿನತ್ತ ನೋಡಿದಳು. ಬಳೆ ಒಡೆದ ಮಾತನ್ನು ನಮ್ಮ ಕಡೆ ಮುತ್ತೈದೆಯರು ಬಾಯಿಂದ ಆಡುವುದಿಲ್ಲ. ಅದರಲ್ಲೂ ಬಸುರಿಯ ಕೈಯ ಬಳೆ. ಚೂರನ್ನು ಸುಮ್ಮನೆ ಆಯ್ದು ಹಿತ್ತಲಿನ ಗಿಡದ ಬುಡಕ್ಕೆ ಹಾಕಿ, ಬಳೆಗಾರ ಬಂದಾಗ ಹೊಸದು ತೊಡುತ್ತಾರೆ. ಏನಾಯಿತೆಂದು ಅವನೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ನಾನೂ ಕೇಳಲಿಲ್ಲ. ಎಲ್ಲೋ ತಾಗಿರಬೇಕು ಎಂದುಕೊಂಡು ಎದ್ದೆ.

ಮರುದಿನ ಬೆಳಿಗ್ಗೆ ಉಳಿದವರು ಬರುವ ಮೊದಲೇ ನೇಕಾರಕ್ಕ ಬಂದಿದ್ದಳು. ಉಡಿಯಿಂದ ಒಂದು ಅರಿವೆಯ ಗಂಟು ತೆಗೆದು ಕಲ್ಲಿನ ಮೇಲೆ ಬಿಚ್ಚಿದಳು. ಹಸಿರು ಚೂರು, ಒಂದು ಬೊಗಸೆ.

"ಇವೆಲ್ಲಾ ನಮ್ಮವ್ರಿ. ನಮ್ಮ ಓಣಿ, ಅದರ ಮಗ್ಗಲ ಓಣಿ, ಗಿಡದ ಬುಡಕ್ಕ ಒಗದಿದ್ದು. ಎಂಟು ದಿನದಿಂದ ಆರಸಾಕತ್ತೇನಿ."

ನನಗೆ ಸಿಟ್ಟು ಬಂತು. "ಬಳಿ ಅಂದ್ರ ಗಾಜು. ಕಬ್ಬಿಣ ಅಲ್ಲ. ರೊಟ್ಟಿ ಬಡಿವಾಗ, ನೀರು ಸೇದುವಾಗ ತಾಗತಾವ."

"ತಾಗಿ ಒಡದಿದ್ದು ಎರಡು ಹೋಳಾಗತೈತ್ರಿ. ಇವನ್ನ ನೋಡ್ರಿ, ಉಳ್ಳಾಗಡ್ಡಿ ಸಿಪ್ಪಿ ಬಿಚ್ಚಿದಂಗ ಬಿಚ್ಚ್ಯಾವ. ಮ್ಯಾಲಿನ ಹಸರು ಬ್ಯಾರೆ, ಒಳಗಿನ ಬಿಳಿ ಬ್ಯಾರೆ. ಎಲ್ಲಾರೂ ಒಂದ ನಮೂನಿ ತಾಗಿಸಿಕೊಂಡ್ರೇನ್ರಿ?"

"ಮತ್ತ ಊರಾಗ ಒಬ್ಬರೂ ನನ್ನ ಮುಂದ ಯಾಕ ಹೇಳಲಿಲ್ಲ?"

"ಅವರು ಹೆಂಗ ಹೇಳ್ತಾರ್ರಿ? ನನಗ ಅಂಜಿಕಿ ಇಲ್ಲ ಉಸ್ತಾದ್ರ. ನನ್ನ ಕೈಯಾಗ ಒಡಿಯೂದು ಏನೂ ಉಳದಿಲ್ಲ."

ಇನ್ನೂ ಯಾರೂ ಮುಟ್ಟದ ಆರು ಬಳೆಗಳನ್ನು ಒಂದು ತಟ್ಟೆಯಲ್ಲಿಟ್ಟು ನೆರಳಿಗೆ ಇರಿಸಿದೆ. ಉಳಿದವರು ಬಂದ ಮೇಲೆ ಕೆಲಸ ನಿಲ್ಲಿಸಿ ಆರೂ ಜನ ಸುತ್ತ ಕೂತೆವು. ತಾಸುಗಟ್ಟಲೆ ಏನೂ ಆಗಲಿಲ್ಲ. ಸಣ್ಣ ಕುಂಬಾರನಿಗೆ ತೂಕಡಿಕೆ ಬಂತು. ಮಧ್ಯಾಹ್ನದ ಬಿಸಿಲು ಇಳಿದು ಒಂದು ತಂಪು ಗಾಳಿ ಸುಳಿಯಿತು. ಆಗ ತಟ್ಟೆಯಿಂದ 'ಟಿಣ್' ಎಂದಿತು. ಯಾರೂ ಮುಟ್ಟಿರಲಿಲ್ಲ. ಒಂದು ಬಳೆಯ ಮೈಮೇಲೆ ಕೂದಲಿನಂಥ ಗೆರೆ ಸುತ್ತಿಕೊಂಡು ಹೋಗಿ, ನಾವು ನೋಡುತ್ತಿದ್ದಂತೆಯೇ ಹಸಿರು ಸಿಪ್ಪೆ ಕಳಚಿ ಬಿತ್ತು.

ಆಗ ನನಗೆ ತಿಳಿಯಿತು. ಎರಡು ಗಾಜು ಕಾಯುವುದು ಒಂದೇ ಬೆಂಕಿಯಲ್ಲಿ, ಆದರೆ ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಒಂದು ಕಡಿಮೆ. ಹೊರಗೆ ನೋಡಲು ಒಂದಾಗಿರುತ್ತವೆ, ಒಳಗೆ ಎಳೆದಾಟ ನಡೆದಿರುತ್ತದೆ. ಬೂದಿಯಲ್ಲಿ ಎಷ್ಟು ದಿನ ಹೂತಿಟ್ಟರೂ ಆ ಎಳೆದಾಟ ಹೋಗುವುದಿಲ್ಲ. ಇಂದೋ ನಾಳೆಯೋ, ಸ್ವಲ್ಪ ಬಿಸಿನೀರೋ ತಂಗಾಳಿಯೋ ನೆಪವಾಗಿ ಬಿಚ್ಚಿಕೊಳ್ಳುತ್ತದೆ. ಇದನ್ನು ಮಾಡಿದವನು ನಾನು, ಕಲಿಸಿದವನೂ ನಾನು.

ಆ ಸಂಜೆಯೇ ಬ್ಲಾಕ್ ಸಾಹೇಬರು ಸೈಕಲ್ಲಿನ ಮೇಲೆ ಬಂದರು. ಮೂರು ವಾರಕ್ಕೆ ಜಿಲ್ಲೆಯ ದೊಡ್ಡ ಸಾಹೇಬರು ಮಾಲು ನೋಡಲು ಬರುವವರಿದ್ದರು. ಗೋಡೆಗೆ ಹಚ್ಚಿ ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ ಹಸಿರು ಬಳೆ ನೋಡಿ ಅವರ ಮುಖ ಅರಳಿತು. ನಾನು ತಟ್ಟೆ ತೋರಿಸಿದೆ. ಅವರು ಕಳಚಿದ ಸಿಪ್ಪೆಯನ್ನು ಬೆರಳಿನಿಂದ ಹೊರಳಿಸಿ, "ದೊಡ್ಡ ಸಾಹೇಬ್ರು ನೋಡಿ ಹೋಗೂತನ ತಡೀತಾವಿಲ್ರಿ?" ಎಂದರು.

"ಕೆಲವು ತಡೀತಾವ್ರಿ."

"ಹಂಗಾರ ಇವನ್ನ ತೋರಸೂಣು. ವರ್ಗ ಕಾಯಂ ಆದ ಮ್ಯಾಲ ನೀವು ಹೆಂಗ ಬೇಕಾದ್ರೂ ಸುಧಾರಸ್ರಿ. ಈಗ ಬರಿ ಹಲಗಿ ತೋರಿಸಿದ್ರ ಮುಚ್ಚತಾರ. ಈ ಐದು ಮಂದಿ ಎಲ್ಲಿ ಹೋಗಬೇಕು, ಹೇಳ್ರಿ?"

ಅವರು ಕೆಟ್ಟ ಮನುಷ್ಯರಲ್ಲ. ಈ ವರ್ಗಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗಿದವರು. ಅವರ ಮಾತಿನಲ್ಲಿ ಹುರುಳಿತ್ತು. ಮುಚ್ಚಿದರೆ ಕುಂಬಾರರು ಮತ್ತೆ ತಮ್ಮ ಚಕ್ರಕ್ಕೆ ಹೋಗುತ್ತಾರೆ, ನೇಕಾರಕ್ಕ ಮತ್ತೆ ಮೂಲೆಗೆ. ನಾನು ತಟ್ಟೆಗೆ ಅರಿವೆ ಮುಚ್ಚಿದೆ. ಮನೆಗೆ ಬಂದೆ.

ಮನೆಯಲ್ಲಿ ಹೆಂಡತಿಗೆ, "ಮಗಳ ಕೈಯಾಗಿನ ಬಳಿ ತಗದು ಬ್ಯಾರೆ ತೊಡಸು. ಮುದ್ದೇಬಿಹಾಳದಾಗ ನಮ್ಮ ಹಳೇ ಮಾಲು ಐತೆಲ್ಲ, ತರಿಸೂಣು" ಎಂದೆ.

ಮಗಳು ಒಳಗಿನಿಂದ ಕೇಳಿಸಿಕೊಂಡಳು. ಬಾಗಿಲಿಗೆ ಬಂದು ನಿಂತು, "ಅಬ್ಬಾ, ನನ್ನ ಕೈಯಾಗಿನವಷ್ಟ ತಗೀತೀರೋ, ಊರಾಗಿನವೂ ತಗೀತೀರೋ?" ಎಂದಳು.

ಅಷ್ಟಕ್ಕೇ ಆಕೆ ಬಿಡಲಿಲ್ಲ. "ಒಂದೊಂದ ಬಿಚ್ಚುವಾಗ ನನ್ನ ಎದಿ ಹೆಂಗ ಆಕ್ಕಿತ್ತು ನಿಮಗ ಗೊತ್ತಿಲ್ಲ. ಕೂಸಿಗೆ ಏನರ ಆಗತೈತೇನೋ ಅಂತ ಅನಸಾಕತ್ತಿತ್ತು. ಅಮ್ಮಾಗೂ ಹೇಳಾಕ ಬರವಲ್ದು. ನನ್ನಂಥಾಕಿ ಊರಾಗ ಇನ್ನೆಷ್ಟು ಮಂದಿ ಅದಾರ?"

ಹೆಂಡತಿ ನಿಧಾನವಾಗಿ ಹೇಳಿದಳು, "ಕುಬಸಕ್ಕಂತ ನಾಕು ಮಂದಿ ಬಸರಿಗೋಳಿಗೆ ನಾನ ತೊಡಿಸೇನಿ."

ಬೆಳಿಗ್ಗೆ ಛಪ್ಪರಕ್ಕೆ ಹೋಗಿ ಐವರನ್ನೂ ಕರೆದು, ಹಲಗೆಯ ಮೇಲಿನ ಒಂದು ಬಳೆ ಎತ್ತಿ ಕಲ್ಲಿಗೆ ಬಡಿದೆ. ಇನ್ನೊಂದು ಎತ್ತಿದೆ. ಅದನ್ನೂ ಬಡಿದೆ. ಬಳೆಗಾರನ ಕೈಯಿಂದ ಬಳೆ ಒಡೆಯುವುದು ಸುಲಭವಲ್ಲ. ಮೂರನೆಯದನ್ನು ನೇಕಾರಕ್ಕ ನನ್ನ ಕೈಯಿಂದ ತೆಗೆದುಕೊಂಡಳು. "ನೀವು ಕೂಡ್ರಿ" ಎಂದಳು. ಎರಡು ತಿಂಗಳ ಮಾಲನ್ನು ಆಕೆ ಒಬ್ಬಳೇ, ಮಧ್ಯಾಹ್ನದವರೆಗೆ ಕೂತು, ಒಂದೊಂದಾಗಿ ಒಡೆದಳು.

ಮುಂದಿನ ಮೂರು ವಾರ ನನ್ನ ಜೀವಮಾನದ ಕಠಿಣ ದಿನಗಳು. ಮುದ್ದೇಬಿಹಾಳದ ಬಳೆ ವ್ಯಾಪಾರಿಗಳ ಹತ್ತಿರ ದಾರಿಯಲ್ಲಿ ಒಡೆದ ಮಾಲಿನ ಚೂರು ಬಿದ್ದಿರುತ್ತಿತ್ತು. ಹೋಗಿ ಕಾಡಿ ಬೇಡಿ ಎರಡು ಚೀಲ ತಂದೆ. ಐವರೂ ಕೂತು ಚೂರು ಚೂರನ್ನೂ ಬೆಳಕಿಗೆ ಹಿಡಿದು ಆರಿಸಿದರು, ಬಿಳಿಯ ಎಳೆ ಕಂಡದ್ದನ್ನು ಎಸೆದರು. ಹಳೆಯ ಮೂಸೆಗಳಲ್ಲಿ ಕಂದೀಲಿನ ಗಾಜು ಅಂಟಿತ್ತು, ಹೊಸವು ಬೇಕಾದವು. ಅವಸರಕ್ಕೆ ಪೂರಾ ಒಣಗಿಸದೆ ಏರಿಸಿದೆವು. ಎರಡನೆಯ ದಿನವೇ ಎರಡು ಮೂಸೆ ಬಿರಿದು ಕರಗಿದ ಗಾಜೆಲ್ಲ ಬೆಂಕಿಗೆ ಸುರಿಯಿತು. ಭಟ್ಟಿ ಆರಿಸಿ, ತಣ್ಣಗಾಗುವವರೆಗೆ ಕಾದು, ಹೆಪ್ಪುಗಟ್ಟಿದ ಗಾಜನ್ನು ಉಳಿಯಿಂದ ಕೆತ್ತಿ ತೆಗೆಯಲು ಐದು ದಿನ ಹೋಯಿತು.

ದೊಡ್ಡ ಕುಂಬಾರ ಹೇಳಿದ, "ಉಸ್ತಾದ್ರ, ನಾಕು ಕಿಂಡಿ ಆಸೆ ಬಿಡ್ರಿ. ಒಂದ ಮೂಸಿ, ಒಂದ ಕಿಂಡಿ. ಸರದಿ ಹಚ್ಚಿ ಕೂಡತೀವಿ." ನಾನು ಉಸ್ತಾದ, ಇದು ನನಗೆ ಹೊಳೆಯಬೇಕಿತ್ತು. ಹಾಗೆಯೇ ಮಾಡಿದೆವು. ಹೊದಿಕೆ ಇಲ್ಲ, ಹಿಕಮತ್ತು ಇಲ್ಲ. ಒಳಗೂ ಹೊರಗೂ ಒಂದೇ ಹಸಿರು. ನೋಡಲು ಮೊದಲಿನಷ್ಟು ಚೆಂದವಿಲ್ಲ, ಸ್ವಲ್ಪ ಮಬ್ಬು. ಬೂದಿಯಲ್ಲಿ ಎರಡು ದಿನ. ಆಮೇಲೆ ಕುದಿಯುವ ನೀರಿಗೆ ಹಾಕಿ ತೆಗೆದು ಮಡಕೆಯ ತಣ್ಣೀರಿಗೆ ಅದ್ದುತ್ತಿದ್ದೆವು. ಉಳಿದದ್ದನ್ನು ದಾರಕ್ಕೆ ಪೋಣಿಸಿ ಛಪ್ಪರದ ಬೊಂಬಿಗೆ ತೂಗುಹಾಕುತ್ತಿದ್ದೆವು. ಕೆಲಸ ಮಾಡುತ್ತಲೇ ಎಲ್ಲರ ಕಿವಿ ಮೇಲೆ. ಏನೂ ಕೇಳಿಸಲಿಲ್ಲ.

ಮೊದಲು ಇಳಿದ ಬಳೆಗಳು ಮಗಳಿಗೆ ಮತ್ತು ಆ ನಾಲ್ವರು ಬಸುರಿಯರಿಗೆ ಹೋದವು. ಆಮೇಲೆ ಹೆಂಡತಿ ಮತ್ತು ನೇಕಾರಕ್ಕ ಓಣಿ ಓಣಿ ತಿರುಗಿದರು. ಬಳೆ ತೆಗೆಯುವುದೆಂದರೆ ಹುಡುಗಾಟವಲ್ಲ. ಕೈ ಬರಿದಾಗಬಾರದು. ಹೊಸದು ಒಂದು ಏರಿದ ಮೇಲೆಯೇ ಹಳೆಯದು ಒಂದು ಇಳಿಯಬೇಕು. ಹೆಂಡತಿ ತೊಡಿಸುತ್ತಿದ್ದಳು, ನೇಕಾರಕ್ಕ ಅಂಗಳದಲ್ಲಿ ನಿಂತು ಹಳೆಯದನ್ನು ಗಂಟು ಕಟ್ಟಿಕೊಳ್ಳುತ್ತಿದ್ದಳು. ಕೆಲವರು ಆಕೆಯನ್ನು ನೋಡಿ ಬಾಗಿಲು ಹಾಕಿಕೊಂಡರು. ಗೌಡರ ಮನೆಯ ಮುದುಕಿಯೊಬ್ಬಳು ಮಾತ್ರ, "ಒಳಗ ಬಾ ಯವ್ವಾ. ತಪ್ಪು ಗಾಜಿಂದು ಅಂತ ನೀ ಹೇಳಿದ್ದಕ್ಕ ನನ್ನ ಸೊಸಿ ನಿದ್ದಿ ಮಾಡ್ಯಾಳ" ಎಂದು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟಳಂತೆ. ಇಂಡಿಯ ಸಂತೆಗೆ ಹೆಂಡತಿ ಎರಡು ಸಲ ಹೋದಳು. ಹೊರ್ತಿಯಿಂದ, ಲಚ್ಯಾಣದಿಂದ ಬಂದು ತೊಟ್ಟು ಹೋಗಿದ್ದ ಕೆಲವರು ಮತ್ತೆ ಸಿಗಲೇ ಇಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಹೀಗಾಗಿ ದೊಡ್ಡ ಸಾಹೇಬರು ಬಂದ ದಿನ ಹಲಗೆಯ ಮೇಲೆ ಎರಡು ತಟ್ಟೆ ಬಳೆ ಇದ್ದವು, ಅಷ್ಟೇ.

"ಐದು ತಿಂಗಳದ ಕೆಲಸ ಇಷ್ಟೇನ್ರಿ?" ಎಂದರು.

ನಾನು ಎಲ್ಲ ಹೇಳಿದೆ. ಸಿಪ್ಪೆ ಬಿಚ್ಚಿದ ಚೂರು ತೋರಿಸಿದೆ, ತಪ್ಪು ನನ್ನದು, ಕಲಿತವರದಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿದರು. ಒಂದು ಬಳೆಯನ್ನು ಉಗುರಿನಿಂದ ತಟ್ಟಿ ನೋಡಿ, "ಖರೇ ಹೇಳಿದ್ರಿ, ಚಲೋ ಆತು. ಆದ್ರ ನಾ ಕಂಡಿದ್ದನ್ನ ಬರೀಬೇಕಾಗತೈತಿ" ಎಂದರು. ಅವರು ಕಂಡದ್ದು ಎರಡು ತಟ್ಟೆ. ಆರು ತಿಂಗಳು ತುಂಬಿದ ದಿನ ವರ್ಗ ಮುಚ್ಚಿ ಅದರ ಫಲಕ ಇಳಿಸಲು ಆಫೀಸಿನಿಂದ ಒಬ್ಬ ಜವಾನ ಬಂದ. ಛಪ್ಪರ ಮಾತ್ರ ಬೇರೆ ಉಪಯೋಗಕ್ಕೆ ಬೇಕಾಗುವವರೆಗೆ ಇರಲಿ ಎಂದು ಬ್ಲಾಕ್ ಸಾಹೇಬರು ಹೇಳಿಸಿ ಕಳಿಸಿದರು. ಬಳೆ ಮಾರುವ ಮನೆತನದ ಇಬ್ಬರು ಕೈ ಮುಗಿದು ಹೋದರು. ಕುಂಬಾರರೂ ನೇಕಾರಕ್ಕನೂ ಮರುದಿನ ಎಂದಿನ ಹೊತ್ತಿಗೆ ಬಂದರು. ನಾನು ಕರೆದಿರಲಿಲ್ಲ. ನೇಕಾರಕ್ಕ ಸುಮ್ಮನೆ ಕಟ್ಟಿಗೆ ಒಟ್ಟಿದಳು.

ಇಷ್ಟಾದರೂ ನನ್ನೊಳಗೆ ಒಂದು ಅಂಜಿಕೆ ಉಳಿದಿತ್ತು, ಯಾರಿಗೂ ಹೇಳಿರಲಿಲ್ಲ. ಬಿಸಿನೀರು ತಣ್ಣೀರಿನ ಪರೀಕ್ಷೆ ನಾವು ಮಾಡಿಕೊಂಡದ್ದು. ಒಮ್ಮೆ ಮೋಸ ಹೋದವನಿಗೆ ತನ್ನ ಕೈಯ ಮೇಲೆ ನಂಬಿಕೆ ಬರುವುದಿಲ್ಲ. ಮಗಳ ಹೆರಿಗೆಯ ಹೊತ್ತಿಗೆ ಒಂದು ಬಳೆ ಒಡೆದರೂ ಆಕೆಯ ಧೈರ್ಯವೂ ಒಡೆಯುತ್ತದೆ ಎಂಬುದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ, ಹೊತ್ತು ಏರುವ ಮೊದಲು ಬೇನೆ ಶುರುವಾಯಿತು. ಸೂಲಗಿತ್ತಿ ಬಂದಳು. ನಾನು ಅಂಗಳದಲ್ಲಿ ಕೂತೆ. ಮಗಳು ಕಬ್ಬಿಣದ ಮಂಚದ ಸರಳು ಹಿಡಿದಿದ್ದಳು. ಪ್ರತಿ ಬೇನೆಗೂ ಬಳೆಗಳು ಆ ಸರಳಿಗೆ ಅಪ್ಪಳಿಸುವ ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು. ಮಗಳು ಕೂಗುವುದೂ ಕೇಳುತ್ತಿತ್ತು. ಅಲ್ಲಾಹನೇ, ನಾನು ಎಂಥ ತಂದೆ, ಕೂಗಿಗಿಂತ ಹೆಚ್ಚು ಆ ಬಳೆಗಳಿಗೇ ಕಿವಿ ಕೊಟ್ಟಿದ್ದೆ. ಬಿಸಿಲು ಅಂಗಳದ ನಡುವಿಗೆ ಬಂದಾಗ ಕೂಸಿನ ಅಳು ಕೇಳಿತು. ಹೆಂಡತಿ ಬಾಗಿಲು ತೆರೆದಳು. ನಾನು ಎದ್ದು ಕೇಳಿದೆ, "ಬಳಿ?"

"ಏನ್ ಮನಶ್ಯಾರದೀರಿ! ಹೆಣ್ಣೋ ಗಂಡೋ ಕೇಳೂದು ಬಿಟ್ಟು..." ಎಂದು ಬೈಯಲು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಕೈತುಂಬ ಅದಾವ. ಎರಡೂ ಕೈ ಎಣಿಸೇನಿ. ಹೆಣ್ಣು ಮಗು, ಚಲೋ ಐತಿ. ತಾಯೀನೂ ಚಲೋ ಅದಾಳ."

ಆಮೇಲೆ ನಾನು ಹೇಗೆ ಛಪ್ಪರ ಮುಟ್ಟಿದೆ ಎಂದು ನೆನಪಿಲ್ಲ. ಚಪ್ಪಲಿ ಮೆಟ್ಟಿರಲಿಲ್ಲ. ದಾರಿಯಲ್ಲಿ ಯಾರು ಏನು ಕೇಳಿದರೋ, ನಾನು ಏನು ಹೇಳಿದೆನೋ. ನೇಕಾರಕ್ಕ ಕಿಂಡಿಯ ಮುಂದೆ ನನ್ನ ಜಾಗದಲ್ಲಿ ಕೂತು ಸಲಾಕಿ ತಿರುಗಿಸುತ್ತಿದ್ದಳು. ತುದಿಯಲ್ಲಿ ಗಾಜು ಕೆಂಪಗಿತ್ತು. ನಾನು ಎದುರಿಗೆ ಹೋಗಿ ನಿಂತೆ. ಏದುಸಿರು.

"ಒಂದೂ ಒಡದಿಲ್ಲ! ಎರಡೂ ಕೈಯಾಗ ಒಂದೂ ಒಡದಿಲ್ಲ!"

ಆಕೆಯ ಕಣ್ಣು ಸಲಾಕಿಯ ತುದಿ ಬಿಟ್ಟು ಕದಲಲಿಲ್ಲ. "ಮತ್ತ ಕೂಸ್ರಿ?"

"ಹಾಂ, ಕೂಸೂ ಐತಿ. ಹೆಣ್ಣು. ನನ್ನ ಮೊಮ್ಮಗಳು."

ಆಕೆ ನಕ್ಕಳು. ಅಷ್ಟು ದಿನದಲ್ಲಿ ನಾನು ಆಕೆಯ ನಗು ಕಂಡದ್ದು ಅದೇ ಮೊದಲು. ನಾನು ಇನ್ನೂ ಏನೋ ಹೇಳುವವನಿದ್ದೆ, ಮಗಳ ಮಾತು, ಮಂಚದ ಸರಳಿನ ಮಾತು, ಎಲ್ಲ ಬಾಯಿಗೆ ಬಂದಿತ್ತು. ಆಕೆ ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಬಾಳ ಚಲೋ ಆತ್ರಿ ಉಸ್ತಾದ್ರ. ಈಗ ಸ್ವಲ್ಪ ಅತ್ತಾಗ ನಿಂದರ್ರಿ. ಗಾಜು ಆರಾಕತ್ತೈತಿ."